ವೇಪ್ ಹುಡುಕುವವರಿಗೆ: ಚಾರ್ಜ್ ಬೇಡದ, ಸೋರದ, ಕೈಕೊಡದ ದಾರಿ

‘ಸಿಗರೇಟು ಬಿಡಬೇಕು, ಹೆಚ್ಚು ಉಸಾಬರಿ ಇಲ್ಲದ ವೇಪ್ ಯಾವುದು?’ ಹುಬ್ಬಳ್ಳಿ-ಧಾರವಾಡದಲ್ಲಿ ಕಾಲೇಜು ಹುಡುಗರಿಂದ ಹಿಡಿದು ಅಂಗಡಿ ಮಾಲೀಕರವರೆಗೆ ಕೇಳುವ ಪ್ರಶ್ನೆ ಇದು. ನೇರ ಉತ್ತರ: ಇಲ್ಲಿ ಅಂಥದ್ದೊಂದು ವೇಪ್ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ.

ಮೊದಲು ಕಾನೂನು. 2019ರ ಕೇಂದ್ರ ಕಾಯ್ದೆಯ ಪ್ರಕಾರ ವೇಪ್, ಅಂದರೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಇಲ್ಲಿ ಕೈಗೆ ಬರುವುದೆಲ್ಲ ಕದ್ದುಮುಚ್ಚಿ ಬಂದ ಮಾಲು. ವೇಪ್‌ನೊಳಗೆ ಇರುವುದು ಒಂದು ಲಿಥಿಯಂ ಬ್ಯಾಟರಿ, ಕಾಯಿಲ್ ಎನ್ನುವ ಬಿಸಿಯಾಗುವ ಸಣ್ಣ ತಂತಿ ಸುರುಳಿ, ಅದಕ್ಕೆ ಸುತ್ತಿದ ಹತ್ತಿ, ನಿಕೋಟಿನ್ ಬೆರೆಸಿದ ದ್ರವ. ದ್ರವದಲ್ಲಿನ ಸಿಹಿ ಕಾಯಿಲ್ ಮೇಲೆ ಕರಕಲಾಗಿ ಕೂರುತ್ತದೆ, ಹತ್ತಿ ಒಣಗಿದರೆ ಸುಟ್ಟು ಗಂಟಲು ಉರಿಯುತ್ತದೆ, ಬಿಸಿಲಿಗೆ ದ್ರವ ತೆಳುವಾಗಿ ಜೇಬಿನಲ್ಲಿ ಸೋರುತ್ತದೆ. ಕಾಯಿಲ್ ಬದಲಿಸಬೇಕೆಂದರೆ ಅಸಲಿ ಭಾಗ ಎಲ್ಲಿಂದ ತರುತ್ತೀರಿ? ಪೊಟ್ಟಣದ ಮೇಲೆ ಬರೆದ ನಿಕೋಟಿನ್ ಪ್ರಮಾಣ ನಿಜವೇ ಎಂದು ಹೇಳುವವರು ಯಾರು? ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ, ಕೆಟ್ಟರೆ ಕೇಳುವ ಹಾಗಿಲ್ಲ.

ವೇಪ್‌ನಿಂದ ನಿಮಗೆ ಬೇಕಾಗಿರುವುದು ಹೊಗೆಯಿಲ್ಲದ ನಿಕೋಟಿನ್. ಅದು ಔಷಧಿ ಅಂಗಡಿಯಲ್ಲಿ, ಅಳತೆ ಮಾಡಿದ ಪ್ರಮಾಣದಲ್ಲಿ, ಬಿಲ್ಲಿನ ಜೊತೆ ಸಿಗುತ್ತದೆ: ಅಗಿಯುವ ನಿಕೋಟಿನ್ ಗಮ್ ಮತ್ತು ತೊಗಲಿಗೆ ಅಂಟಿಸುವ ಪಟ್ಟಿ, ಅಂದರೆ ಪ್ಯಾಚ್. ಆದರೂ ‘ಗಮ್ ತಿಂದೆ, ಏನೂ ಉಪಯೋಗ ಆಗಲಿಲ್ಲ’ ಎನ್ನುವವರೇ ಬಹಳ. ಬಹಳಷ್ಟು ಸಲ ತಪ್ಪು ಗಮ್‌ನದ್ದಲ್ಲ, ಅಗಿಯುವ ರೀತಿಯದ್ದು.

ಚೂಯಿಂಗ್ ಗಮ್ಮಿನ ಹಾಗೆ ಕಚಕಚ ಅಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ರಕ್ತಕ್ಕೆ ಸೇರುವ ಮೊದಲೇ ಯಕೃತ್ತು ಅದರ ದೊಡ್ಡ ಪಾಲನ್ನು ಮುರಿದುಹಾಕುತ್ತದೆ. ಉಳಿಯುವುದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ನಿಕೋಟಿನ್ ಹೀರಬೇಕಾದ್ದು ಕೆನ್ನೆಯ ಒಳಗಿನ ತೊಗಲು. ಆದ್ದರಿಂದ ನಿಧಾನವಾಗಿ ಹತ್ತು-ಹದಿನೈದು ಸಲ ಅಗಿಯಿರಿ. ಕಾಳುಮೆಣಸಿನಂಥ ಖಾರ, ಜುಮುಜುಮು ಬಂದ ಕೂಡಲೇ ನಿಲ್ಲಿಸಿ. ಗಮ್ ಅನ್ನು ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಒಂದು ನಿಮಿಷದಲ್ಲಿ ಜುಮುಜುಮು ಇಳಿಯುತ್ತದೆ. ಆಗ ಮತ್ತೆ ನಾಲ್ಕು ಸಲ ಅಗಿದು ಈ ಸಲ ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಎಷ್ಟು ಅಗಿದರೂ ಜುಮ್ಮೆನ್ನದಿದ್ದರೆ ಅದರ ಕೆಲಸ ಮುಗಿಯಿತು. ತಂಬಾಕನ್ನು ದವಡೆಯಲ್ಲಿ ಇಟ್ಟುಕೊಂಡು ರೂಢಿಯಿದ್ದವರಿಗೆ ಇದು ಬೇಗ ಕೈಗೂಡುತ್ತದೆ.

ಇನ್ನೊಂದು ಅಡ್ಡಿ ನಮ್ಮ ಊರಿನ ಚಟಕ್ಕೆ ಸೇರಿದ್ದು. ಬಾಯಲ್ಲಿ ಹುಳಿ ಇದ್ದರೆ ಕೆನ್ನೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಕಾಫಿ, ನಿಂಬೆ ಸೋಡಾ, ಮಜ್ಜಿಗೆ, ಕೋಲಾ, ಹುಣಸೆ ರಸ ಬಿದ್ದ ಗಿರ್ಮಿಟ್ ಎಲ್ಲವೂ ಇದೇ ಸಾಲಿಗೆ. ಗಿರ್ಮಿಟ್-ಮಿರ್ಚಿ ತಿಂದು, ಚಹಾ ಕುಡಿದು, ಸಿಗರೇಟಿನ ಜಾಗಕ್ಕೆ ತಕ್ಷಣ ಗಮ್ ಹಾಕಿಕೊಂಡರೆ ಅದು ವ್ಯರ್ಥ. ಬಾಯಿ ಮುಕ್ಕಳಿಸಿ, 15 ನಿಮಿಷ ಬಿಟ್ಟು ಹಾಕಿಕೊಳ್ಳಿ. ಗಮ್ ಬಾಯಲ್ಲಿರುವಷ್ಟು ಹೊತ್ತು ನೀರು ಬಿಟ್ಟು ಬೇರೇನೂ ಬೇಡ. ಚಹಾದ ಜೊತೆಗಿನ ಸಿಗರೇಟೇ ಎಲ್ಲಕ್ಕಿಂತ ಕಠಿಣ ಎನ್ನುವವರು ಲೆಕ್ಕ ತಿರುಗಿಸಬೇಕು: ಮೊದಲು ಗಮ್, ಅದು ಮುಗಿದ ಮೇಲೆ ಚಹಾ.

ಪ್ರಮಾಣ ಎರಡು: 2 ಮಿಲಿಗ್ರಾಂ, 4 ಮಿಲಿಗ್ರಾಂ. ಆರಿಸಲು ಒಂದೇ ಪ್ರಶ್ನೆ ಸಾಕು. ಮುಂಜಾನೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತೀರಾ? ಹೌದಾದರೆ 4, ಇಲ್ಲವಾದರೆ 2. ಎರಡರದ್ದು ಚೀಟಿಯಿಲ್ಲದೆ ಸಿಗುತ್ತದೆ, ನಾಲ್ಕಕ್ಕೆ ವೈದ್ಯರ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ದಿನಕ್ಕೆ ಒಂಬತ್ತಕ್ಕಿಂತ ಕಡಿಮೆ ಬೇಡ. ಏಳರಿಂದ ಒಂಬತ್ತನೇ ವಾರ ಎರಡು-ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ಮೀರಬಾರದು. ಆದರೆ ನಿಜವಾಗಿ ಕೈಕೊಡುವುದು ಹೆಚ್ಚು ತಿಂದದ್ದಲ್ಲ, ಕಡಿಮೆ ತಿಂದದ್ದು. ಹಿಂಜರಿದು ದಿನಕ್ಕೆ ಮೂರು ತಿಂದು, ನಾಲ್ಕನೇ ದಿನ ಪಾನ್ ಅಂಗಡಿಯ ಮುಂದೆ ನಿಲ್ಲುವವರೇ ಬಹಳ. 2 ಮಿಲಿಗ್ರಾಂ ಗಮ್‌ನಿಂದ ಮೈಗೆ ಸೇರುವುದು ಹೆಚ್ಚುಕಡಿಮೆ 1 ಮಿಲಿಗ್ರಾಂ. ಒಂದು ಸಿಗರೇಟು ಅದಕ್ಕಿಂತ ಕಡಿಮೆ ಕೊಡುವುದಿಲ್ಲ, ಅದೂ ಕ್ಷಣಗಳಲ್ಲಿ.

ಕಡಿಮೆ ಉಸಾಬರಿ ಎಂದರೆ ಪ್ಯಾಚ್. ಮುಂಜಾನೆ ಒಂದು ಹಚ್ಚಿದರೆ ಆ ದಿನದ ಚಿಂತೆ ಮುಗಿಯಿತು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ ಸಾಮಾನ್ಯವಾಗಿ 21 ಮಿಲಿಗ್ರಾಂನದ್ದು ಆರು ವಾರ, 14ರದ್ದು ಎರಡು ವಾರ, 7ರದ್ದು ಎರಡು ವಾರ. ತೋಳಿನ ಮೇಲ್ಭಾಗ ಅಥವಾ ಎದೆಯ ಕೂದಲಿಲ್ಲದ ಒಣ ಜಾಗ, ಎಣ್ಣೆ-ಲೋಷನ್ ಸೋಕಿರಬಾರದು. ಹಚ್ಚಿ ಅಂಗೈಯಿಂದ ಹತ್ತು ಸೆಕೆಂಡು ಒತ್ತಿಹಿಡಿಯಿರಿ. ನಾಳೆಯದು ಬೇರೆ ಜಾಗಕ್ಕೆ. ಅದೇ ಜಾಗಕ್ಕೆ ಒಂದು ವಾರ ಮರಳಬೇಡಿ, ತೊಗಲು ಕೆಂಪಾಗುತ್ತದೆ. ಗದಗ, ರೋಣದ ಕಡೆ ಏಪ್ರಿಲ್-ಮೇ ಬೆವರಿಗೆ ಅಂಚು ಏಳುತ್ತದೆ. ಸ್ನಾನದ ನಂತರ ಮೈ ಪೂರ್ತಿ ಆರಿದ ಮೇಲೆ ಹಚ್ಚಿ, ಬೇಕಾದರೆ ಅಂಚಿಗೆ ಕಾಗದದ ವೈದ್ಯಕೀಯ ಟೇಪ್ ಹಾಕಿ. ರಾತ್ರಿ ವಿಚಿತ್ರ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವ ಮುಂಚೆ ತೆಗೆದುಬಿಡಿ.

ಪ್ಯಾಚ್ ನಿಧಾನ. ದಿನವಿಡೀ ಒಂದೇ ಮಟ್ಟದಲ್ಲಿ ಹರಿಯುತ್ತದೆ, ಆದರೆ ಗೆಳೆಯ ಪಕ್ಕದಲ್ಲಿ ಸಿಗರೇಟು ಹಚ್ಚಿದಾಗ ಏಳುವ ತುಡಿತವನ್ನು ಅದೊಂದೇ ತಡೆಯದು. ಅದಕ್ಕೇ ಪ್ಯಾಚ್ ಜೊತೆಗೆ ಅಗತ್ಯ ಬಿದ್ದಾಗ ಗಮ್. ಒಂದನ್ನೇ ಬಳಸುವುದಕ್ಕಿಂತ ಈ ಜೋಡಿ ಹೆಚ್ಚು ಜನರನ್ನು ದಡ ಸೇರಿಸುತ್ತದೆ ಎಂಬುದು ಅಧ್ಯಯನಗಳಲ್ಲಿ ಸಿದ್ಧವಾದದ್ದು. ಯಾರಾದರೂ ಕೇಳಿದರೆ ನಾವು ಹೇಳುವುದು ಇದನ್ನೇ. ನಡುವೆ ಒಂದು ಸಿಗರೇಟು ಸೇದಿಬಿಟ್ಟರೆ ಗಾಬರಿಯಾಗಿ ಪ್ಯಾಚ್ ಕಿತ್ತೊಗೆಯಬೇಡಿ, ಮುಂದುವರಿಸಿ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು, 18 ತುಂಬದವರು ಮೊದಲು ವೈದ್ಯರನ್ನು ಕಾಣಬೇಕು.

ಗುಟ್ಕಾ, ಜರ್ದಾ ಬಿಡುವವರಿಗೆ ಒಂದು ವಿಶೇಷ ಮಾತು. ಬಾಯಿ ತೆರೆದು ನಿಮ್ಮದೇ ಮೂರು ಬೆರಳನ್ನು ಉದ್ದಕ್ಕೆ ನಿಲ್ಲಿಸಿ ನೋಡಿ. ಹಿಡಿಸದಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ಅಡಿಕೆಯಿಂದ ಒಳತೊಗಲು ಬಿಗಿದಿರುವ ಲಕ್ಷಣ ಅದು. ಅಂಥ ಬಾಯಿಗೆ ಗಮ್ ಹಿಂಸೆ, ಪ್ಯಾಚ್ ಸರಿ. ಆದರೆ ಮೊದಲು ದಂತವೈದ್ಯರಿಗೆ ತೋರಿಸಲೇಬೇಕು. ಧಾರವಾಡದ ಸತ್ತೂರಿನಲ್ಲಿ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ತಡಮಾಡಬೇಡಿ, ಈ ಸ್ಥಿತಿ ಕ್ಯಾನ್ಸರಿಗೆ ತಿರುಗಬಹುದು.

ಬಿಟ್ಟ ಮೊದಲ ವಾರ ಕೈ ನಡುಗಿ, ನಿದ್ದೆ ಬಾರದೆ ಹೋದರೆ ಎಲ್ಲವನ್ನೂ ನಿಕೋಟಿನ್ ಮೇಲೆ ಹಾಕಬೇಡಿ. ಸಿಗರೇಟಿನ ಹೊಗೆಯ ಟಾರು ಯಕೃತ್ತಿನಲ್ಲಿ ಚಹಾದ ಕೆಫೀನ್ ಕರಗುವ ವೇಗವನ್ನು ಹೆಚ್ಚಿಸಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ, ಅದೇ ಆರು ಕಪ್ ಚಹಾ ಈಗ ಹೆಚ್ಚು ಹೊತ್ತು ಮೈಯಲ್ಲಿ ಉಳಿಯುತ್ತದೆ. ಚಹಾ ಅರ್ಧಕ್ಕೆ ಇಳಿಸಿ. ಇದೇ ಕಾರಣಕ್ಕೆ ದಮ್ಮಿನ ಕಾಯಿಲೆಗೆ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಒಲಾಂಜಪಿನ್ ಅಥವಾ ಕ್ಲೋಜಪಿನ್ ತೆಗೆದುಕೊಳ್ಳುವವರು ಬಿಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಗುಳಿಗೆಯ ಪ್ರಮಾಣ ಬದಲಿಸಬೇಕಾಗಬಹುದು.

ಮಾತಾಡಲು ಜನ ಬೇಕೆಂದರೆ ಸಂಖ್ಯೆ ನಿಮ್ಮ ಜೇಬಿನಲ್ಲೇ ಇದೆ. ಸಿಗರೇಟು ಪ್ಯಾಕಿನ ಭಯಾನಕ ಚಿತ್ರದ ಬಳಿ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಗಮ್-ಪ್ಯಾಚಿಗೆ ಬಗ್ಗದ ಚಟಕ್ಕೆ ವರೆನಿಕ್ಲಿನ್, ಬುಪ್ರೊಪಿಯಾನ್ ಗುಳಿಗೆಗಳಿವೆ, ಚೀಟಿ ಬೇಕು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಗದಗ ಮತ್ತು ಹಾವೇರಿಯ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವನ್ನು ಕೇಳಿ.

ಬಳಸಿದ ಗಮ್ಮನ್ನು ಕಾಗದದಲ್ಲಿ ಸುತ್ತಿ, ಪ್ಯಾಚನ್ನು ಅಂಟು ಒಳಗಾಗುವಂತೆ ಮಡಚಿ, ಮುಚ್ಚಳವಿರುವ ಕಸದ ಡಬ್ಬಿಗೇ ಹಾಕಿ. ಎರಡರಲ್ಲೂ ನಿಕೋಟಿನ್ ಇನ್ನೂ ಉಳಿದಿರುತ್ತದೆ, ಅಂಬೆಗಾಲಿಡುವ ಕೂಸಿಗೆ, ಮನೆಯ ನಾಯಿಗೆ ಅಷ್ಟೇ ವಿಷವಾದೀತು.