ಪ್ರತ್ಯೇಕ ಕೋಣೆ ಇದೆಯೇ?

ನಮ್ಮ ಕೈಗೆ ಕೊಟ್ಟಿದ್ದ ಕೋವಿಡ್ ನಮೂನೆಯಲ್ಲಿ ಅದು ಕೊನೆಯ ಪ್ರಶ್ನೆ. ಹೆಸರು, ವಯಸ್ಸು, ಜ್ವರ ಶುರುವಾದ ದಿನ, ಸಕ್ಕರೆ ಕಾಯಿಲೆ, ಬಿ.ಪಿ., ಉಸಿರಾಟ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತೋರಿಸುವ ಅಂಕಿ, ಇಷ್ಟನ್ನೂ ಕೇಳಿದ ಮೇಲೆ 'ಸೋಂಕಿತರಿಗೆ ಶೌಚಾಲಯವಿರುವ ಪ್ರತ್ಯೇಕ ಕೋಣೆ ಇದೆಯೇ?' ಎಂದು ಕೇಳಬೇಕು. 2021ರ ಏಪ್ರಿಲ್ ಕೊನೆಯಲ್ಲಿ ನಾನು ಫೋನಿನಲ್ಲಿ ಮಾತನಾಡಿಸಿದ ಬೆಂಗಳೂರಿನಲ್ಲಿ ಎಲ್ಲರಿಗೂ ಪ್ರತ್ಯೇಕ ಕೋಣೆ ಇತ್ತು. ಕಾಮಾಕ್ಷಿಪಾಳ್ಯದ ಶೀಟಿನ ಮನೆಯವರಿಗೂ ಇತ್ತು, ಸುಂಕದಕಟ್ಟೆಯ ವಠಾರದಲ್ಲಿ ಒಂದೇ ನಲ್ಲಿಗೆ ಬಿಂದಿಗೆ ಹಿಡಿದು ಸಾಲು ನಿಲ್ಲುವವರಿಗೂ ಇತ್ತು. ‘ಇದೆ ಮೇಡಂ, ಎಲ್ಲಾ ಇದೆ’ ಎನ್ನುವಾಗಲೇ ಹಿಂದಿನಿಂದ ಕುಕ್ಕರಿನ ಸೀಟಿ, ಮಗುವಿನ ಅಳು, ಟಿವಿಯ ಸದ್ದು, ಮತ್ತೊಬ್ಬರ ಕೆಮ್ಮು ಒಟ್ಟಿಗೇ ಕೇಳಿಸುತ್ತಿದ್ದವು.

ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ. ಶಾಲೆ ಮುಚ್ಚಿತ್ತು, ಎಸ್ಸೆಸ್ಸೆಲ್ಸಿ ಪರೀಕ್ಷೆ ಹೇಳಿದ ದಿನಕ್ಕೆ ನಡೆಯುತ್ತದೆಯೇ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಹಲವರನ್ನು ಕೋವಿಡ್ ಕರ್ತವ್ಯಕ್ಕೆ ಹಾಕಿದರು. ಜನಗಣತಿಗೆ ಮೇಷ್ಟರು, ಚುನಾವಣೆಗೆ ಮೇಷ್ಟರು. ನಾಡಿನಲ್ಲಿ ತಲೆ ಎಣಿಸುವ ಕೆಲಸ ಬಂದಾಗಲೆಲ್ಲ ನಮ್ಮ ನೆನಪಾಗುತ್ತದೆ. ಒಂದು ಸಮುದಾಯ ಭವನದಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು, ಪಾಸಿಟಿವ್ ಬಂದವರ ಪಟ್ಟಿ ಹಿಡಿದು, ಒಬ್ಬೊಬ್ಬರಿಗೂ ಕರೆ ಮಾಡುವುದು ನಮ್ಮ ಕೆಲಸ.

ಆ ಪಟ್ಟಿ ಯಾವತ್ತೂ ಹಳೆಯದೇ. ವೈರಸ್ಸು ಮೈಸೇರಿ ಲಕ್ಷಣ ಕಾಣಿಸಲು ನಾಲ್ಕೈದು ದಿನ ಬೇಕು. ‘ಬಿಸಿಲಿಗೆ ಬಂದ ಜ್ವರ’, ‘ಸಂಜೆಯ ಮಳೆಯಲ್ಲಿ ನೆನೆದದ್ದು’, ‘ಮಾವಿನ ಹಣ್ಣು ಜಾಸ್ತಿಯಾಯಿತು’ ಎಂದು ಮನೆಯವರು ಕಾರಣ ಹುಡುಕುವುದರಲ್ಲಿ ಇನ್ನೆರಡು ದಿನ. ಆಮೇಲೆ ಮೂಗು, ಗಂಟಲ ದ್ರವ ಕೊಟ್ಟು ಬಂದರೆ ಪ್ರಯೋಗಾಲಯಗಳಲ್ಲಿ ಮಾದರಿಗಳು ರಾಶಿ ಬಿದ್ದಿರುತ್ತಿದ್ದವು. ಫಲಿತಾಂಶ ಬಂದು, ಬೆಂಗಳೂರಿನ ಸೋಂಕಿತರೊಬ್ಬೊಬ್ಬರಿಗೂ ಕೊಡುತ್ತಿದ್ದ ಬಿಯು ನಂಬರ್ ಹುಟ್ಟಿ, ಹೆಸರು ನನ್ನ ಕೈಗೆ ಸಿಗುವಷ್ಟರಲ್ಲಿ ರೋಗಿ ತನ್ನ ಪಾಲಿನದನ್ನು ಹಂಚಿ ಮುಗಿಸಿರುತ್ತಿದ್ದ. ಲಕ್ಷಣ ಕಾಣುವುದಕ್ಕೆ ಎರಡು ದಿನ ಮುಂಚಿನಿಂದಲೇ ಇದು ಹರಡುತ್ತದೆ. ಏಪ್ರಿಲ್ 13ರ ಯುಗಾದಿಗೆ, ಸಾರಿಗೆ ನೌಕರರ ಮುಷ್ಕರದಿಂದ ಸರ್ಕಾರಿ ಬಸ್ಸುಗಳು ನಿಂತಿದ್ದಾಗ, ಟೆಂಪೊಗಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಊರಿಗೆ ಹೋಗಿಬಂದವರ ಹೆಸರುಗಳು ತಿಂಗಳ ಕೊನೆಗೆ ನಮ್ಮ ಪಟ್ಟಿಯಲ್ಲಿದ್ದವು. ‘ಸಂಪರ್ಕಕ್ಕೆ ಬಂದವರು ಯಾರು?’ ಎಂದು ಕೇಳಿದರೆ ಒಬ್ಬಾತ ನಕ್ಕುಬಿಟ್ಟ. ‘ತುಮಕೂರು ರಸ್ತೆಯನ್ನೇ ಬರೆದುಕೊಳ್ಳಿ ಮೇಡಂ’ ಎಂದ.

ಲಕ್ಷಣಗಳನ್ನು ಜನ ಹೇಳುತ್ತಿದ್ದ ರೀತಿಯೇ ಬೇರೆ. ನಮೂನೆಯಲ್ಲಿ ಜ್ವರ, ಕೆಮ್ಮು, ಗಂಟಲು ನೋವು, ಭೇದಿ ಎಂದು ಅಚ್ಚುಕಟ್ಟಾಗಿ ಚೌಕಗಳಿದ್ದವು. ಫೋನಿನಲ್ಲಿ ಬರುತ್ತಿದ್ದದ್ದು ‘ಮೈಯನ್ನು ಒನಕೆಯಲ್ಲಿ ಕುಟ್ಟಿದ ಹಾಗಿದೆ’ ಎಂಬಂಥ ಮಾತು. ಒಬ್ಬಾಕೆ ಹಾಲು ಉಕ್ಕಿ ಸೀದು, ಪಕ್ಕದ ಮನೆಯವರು ಓಡಿಬಂದು ಒಲೆ ಆರಿಸಿದ ಮೇಲೆ ತನ್ನ ಮೂಗು ಸತ್ತಿದೆ ಎಂದು ತಿಳಿದುಕೊಂಡಿದ್ದಳು. ಜ್ವರ ಇಳಿದ ಆರನೆಯ, ಏಳನೆಯ ದಿನ ‘ವಾಸಿಯಾಯಿತು’ ಎಂದವರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು ಎಂದು ವೈದ್ಯರು ನಮಗೆ ಹೇಳಿಕೊಟ್ಟಿದ್ದರು. ಉಸಿರು ಕೈಕೊಡುವುದು ಅನೇಕರಿಗೆ ಎರಡನೆಯ ವಾರದಲ್ಲಿ. ಕೆಲವರಿಗೆ ರಕ್ತದಲ್ಲಿ ಆಮ್ಲಜನಕ ಕುಸಿದಿದ್ದರೂ ಏದುಸಿರು ಕಾಣಿಸುವುದಿಲ್ಲ. ಕಾಫಿ ಕುಡಿಯುತ್ತಾ ಕುಳಿತಿರುತ್ತಾರೆ.

ಏಪ್ರಿಲ್ 30, ಶುಕ್ರವಾರ. ಮಧ್ಯಾಹ್ನ ಪಟ್ಟಿಯಲ್ಲಿದ್ದ ಒಬ್ಬ ಅಜ್ಜಿಯ ನಂಬರಿಗೆ ಕರೆ ಮಾಡಿದಾಗ ಎತ್ತಿದವನು ಒಂಬತ್ತನೇ ತರಗತಿಯ ಮೊಮ್ಮಗ. ನಾನು ಶಿಕ್ಷಕಿ ಎಂದು ತಿಳಿದದ್ದೇ ‘ಮಿಸ್’ ಎಂದು ಕರೆಯತೊಡಗಿದ. ಅಜ್ಜಿಗೆ ಈಗ ಜ್ವರವಿಲ್ಲ, ಊಟ ಬೇಡ ಎನ್ನುತ್ತಾರೆ, ಬರೀ ನಿದ್ದೆ. ಆಕ್ಸಿಮೀಟರ್ ಇದೆಯೇ ಎಂದರೆ ಇದೆ, ಅಪ್ಪ ಎರಡು ಸಾವಿರ ಕೊಟ್ಟು ತಂದಿದ್ದಾರೆ ಎಂದ. ಬೆರಳಿಗೆ ಹಾಕಿ ನೋಡಲು ಹೇಳಿದೆ.

‘98 ಮಿಸ್.’

98 ಎಂದರೆ ನನ್ನದಕ್ಕಿಂತ ಚೆನ್ನಾಗಿದೆ. 94 ದಾಟಿದರೆ ಮನೆಯಲ್ಲೇ ಇರಬಹುದು ಎಂಬುದು ಆಗಿನ ನಿಯಮ. ಬರೆದುಕೊಂಡು ಮುಂದೆ ಹೋಗಬಹುದಿತ್ತು. ಆದರೆ ನಾಡಿ ಬಡಿತದ ಅಂಕಣವೂ ಇತ್ತು. ಇನ್ನೊಂದು ಅಂಕಿ ಎಷ್ಟು ಎಂದು ಕೇಳಿದೆ.

‘911.’

ಯಾರ ಎದೆಯೂ ನಿಮಿಷಕ್ಕೆ ಒಂಬೈನೂರ ಹನ್ನೊಂದು ಸಲ ಬಡಿಯುವುದಿಲ್ಲ. ನನ್ನ ಕೈಯಲ್ಲಿದ್ದ ಪೆನ್ನಿನಿಂದ ಹಾಳೆಯ ಮೇಲೆ 911 ಎಂದು ಬರೆದು, ಹಾಳೆಯನ್ನು ತಿರುಗಿಸಿದೆ. 116. ಪಕ್ಕದಲ್ಲಿ 98 ಬರೆದಿದ್ದೆ. ಅದು 86 ಆಗಿತ್ತು.

‘ಪುಟ್ಟ, ನೀನು ಅಜ್ಜಿಯ ಎದುರಿಗೆ ಕೂತಿದ್ದೀಯಾ?’

‘ಹೌದು ಮಿಸ್.’

‘ಎದ್ದು ಅವರ ತಲೆಯ ಕಡೆಗೆ ಹೋಗಿ ನಿಂತು ಓದು.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ‘86’ ಎಂದ. ಎರಡು ದಿನದಿಂದ ಅವನು ತಲೆಕೆಳಗಾಗಿಯೇ ಓದಿ ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದನಂತೆ. ಆ ಯಂತ್ರದ ಮೇಲೆ ಯಾವ ಕಡೆಯಿಂದ ಓದಬೇಕು ಎಂದು ಒಂದು ಬಾಣದ ಗುರುತನ್ನಾದರೂ ಹಾಕಬಾರದಿತ್ತೇ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಜ್ಜಿಯನ್ನು ಬೋರಲು ಮಲಗಿಸು, ಎದೆಯ ಕೆಳಗೆ ದಿಂಬು ಕೊಡು ಎಂದೆ. ಹುಡುಗನೊಬ್ಬನೇ ಅವರನ್ನು ಮಗುಚುವುದನ್ನು ಫೋನಿನಲ್ಲೇ ಕೇಳಿಸಿಕೊಂಡೆ: ಬಳೆಯ ಸದ್ದು, ‘ಅಯ್ಯೋ ಬಿಡೋ’ ಎಂಬ ಗೊಣಗು. ನಮ್ಮ ಸಾಲಿನ ಇಬ್ಬರು ತಮ್ಮ ಪಟ್ಟಿಗಳನ್ನು ಪಕ್ಕಕ್ಕಿಟ್ಟು ಹಾಸಿಗೆಗಾಗಿ ಕರೆ ಮಾಡತೊಡಗಿದರು. ನಾನು ಆಂಬುಲೆನ್ಸಿನ ಹಿಂದೆ ಬಿದ್ದೆ. ರಾತ್ರಿ ಎಂಟರ ಹೊತ್ತಿಗೆ ಆಮ್ಲಜನಕವಿರುವ ಒಂದು ಹಾಸಿಗೆ ಸಿಕ್ಕಿತು. ಅಂದಿನ ವರದಿಯಲ್ಲಿ ರಾಜ್ಯದಲ್ಲಿ 48,296 ಹೊಸ ಪ್ರಕರಣ, ಬೆಂಗಳೂರು ನಗರದಲ್ಲೇ 26,756. ಅಂಥ ದಿನ ಹಾಸಿಗೆ ಸಿಕ್ಕಿದ್ದು ಅದೃಷ್ಟ, ಮತ್ತೇನೂ ಅಲ್ಲ. ಮನೆಗೆ ಹೋಗುವಾಗ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲು ನಿಂತಿದ್ದವು. ಮಧ್ಯಾಹ್ನ ನಾವು ಅಷ್ಟು ಅಂಗಲಾಚಿದರೂ ಸಿಗದ ವಾಹನಗಳೆಲ್ಲ ಇಲ್ಲಿದ್ದವು.

ಆ ಹುಡುಗನ ಮನೆಯ ನಮೂನೆಯಲ್ಲೂ ‘ಪ್ರತ್ಯೇಕ ಕೋಣೆ ಇದೆ’ ಎಂದೇ ಮೊದಲು ಬರೆಸಿದ್ದರು. ಇದನ್ನು ಅಜ್ಞಾನ ಎನ್ನುವವರು 2020ನ್ನು ಮರೆತಿದ್ದಾರೆ. ಆ ವರ್ಷ ಪಾಸಿಟಿವ್ ಬಂದವರ ಬೀದಿಗೆ ಬ್ಯಾರಿಕೇಡ್ ಹಾಕಿದ್ದು, ಬಾಗಿಲಿಗೆ ನೋಟಿಸು ಅಂಟಿಸಿದ್ದು, ಪಿಪಿಇ ತೊಟ್ಟವರು ಬಂದು ಆಂಬುಲೆನ್ಸಿಗೆ ಹತ್ತಿಸುವುದನ್ನು ಅಕ್ಕಪಕ್ಕದವರು ಮಹಡಿಯಿಂದ ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ಎಲ್ಲರಿಗೂ ನೆನಪಿತ್ತು. ಮನೆಗೆಲಸಕ್ಕೆ ಹೋಗುತ್ತಿದ್ದವರಿಗೆ ‘ಇನ್ನು ಬರಬೇಡ’ ಎಂದದ್ದೂ ನೆನಪಿತ್ತು. ಕೋಣೆ ಇಲ್ಲ ಎಂದರೆ ಎತ್ತಿಕೊಂಡು ಹೋಗುತ್ತಾರೆ ಎಂದು ಅನುಭವದಿಂದ ಕಲಿತವರು ‘ಇದೆ’ ಎನ್ನುತ್ತಾರೆ. ಹಾಗಾಗಿ ನಾನು ಪ್ರಶ್ನೆಯನ್ನೇ ಬದಲಾಯಿಸಿದೆ. ‘ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಬಾಗಿಲು?’ ಎಂದು ಕೇಳತೊಡಗಿದೆ. ಇದು ಯಾತಕ್ಕೆ ಎಂದು ಗೊತ್ತಾಗದೆ ಜನ ನಿಜ ಹೇಳುತ್ತಿದ್ದರು. ‘ಒಂದು’ ಎಂಬ ಉತ್ತರವೇ ಹೆಚ್ಚು.

ಸೋಮವಾರದ ಪಟ್ಟಿಯಲ್ಲಿ ಹುಡುಗ, ಅವನ ಅಪ್ಪ, ಅಮ್ಮ, ಮೂವರ ಹೆಸರೂ ಇತ್ತು. ಅಮ್ಮನೇ ಮಾತನಾಡಿದರು. ‘ಎಲ್ಲರಿಗೂ ಬಂದ ಮೇಲೆ ಯಾರನ್ನು ಯಾರಿಂದ ಬೇರೆ ಇಡುವುದು ಮೇಡಂ? ನಮ್ಮನ್ನು ಇಲ್ಲೇ ಬಿಡಿ’ ಎಂದರು. ಗಣಿತದವಳಾಗಿ ಆ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಅಜ್ಜಿ ಬದುಕಿದರು, ತಿಂಗಳ ಮಧ್ಯದಲ್ಲಿ ಮನೆಗೆ ಬಂದು, ಆಸ್ಪತ್ರೆಯ ಸಪ್ಪೆ ಸಾರನ್ನು ಬೈದರಂತೆ.

ನನ್ನನ್ನು ಕಾಡಿದ್ದು ಅವರ ವಠಾರದ ಉಳಿದ ಐದು ಮನೆಗಳು. ನಲ್ಲಿ ಒಂದು, ಶೌಚಾಲಯ ಎರಡು. ಎಲ್ಲ ಮನೆಗಳಲ್ಲೂ ಕೆಮ್ಮು ಇತ್ತು, ಒಬ್ಬರೂ ಪರೀಕ್ಷೆಗೆ ಹೋಗಿರಲಿಲ್ಲ. ಮೇ 5ರಂದು ರಾಜ್ಯದ ಹೊಸ ಪ್ರಕರಣಗಳು 50,112 ಎಂದು ಸುದ್ದಿಯಾದಾಗ ಆ ಲೆಕ್ಕದಲ್ಲಿ ಇವರು ಯಾರೂ ಇರಲಿಲ್ಲ. ಪರೀಕ್ಷೆ ಇಲ್ಲದೆ ಬಿಯು ನಂಬರ್ ಇರಲಿಲ್ಲ, ಅದಿಲ್ಲದೆ ಹಾಸಿಗೆ ಕೇಳುವ ಹಾಗಿರಲಿಲ್ಲ. ಹುಡುಗನಿಗೆ ಹೇಳಿದೆ: ಆಕ್ಸಿಮೀಟರನ್ನು ಸ್ಯಾನಿಟೈಸರಿನಲ್ಲಿ ಒರೆಸಿ ಪ್ರತಿ ಮನೆಯ ಹೊಸ್ತಿಲಲ್ಲಿ ಇಟ್ಟು ದೂರ ನಿಲ್ಲು, ಅವರೇ ಹಾಕಿಕೊಂಡು ಅಂಕಿ ಕೂಗಿ ಹೇಳಲಿ. ಅವನು ಸಂಜೆ ಫೋನು ಮಾಡಿ ಒಂದೊಂದೇ ಓದಿದ. ನಮೂನೆಯಲ್ಲಿ ಇಂಥವರಿಗೆ ಜಾಗವಿರಲಿಲ್ಲ, ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ. 97, 96, 96, 95. ಕೊನೆಯ ಮನೆಯ, ಮಾರುಕಟ್ಟೆಯಲ್ಲಿ ಮೂಟೆ ಹೊರುವವರದು 90. ‘ಎರಡನೆಯ ಅಂಕಿ 104 ಮಿಸ್, ಸರಿಯಾಗಿಯೇ ಓದಿದ್ದಾರೆ’ ಎಂದು ತಾನಾಗಿಯೇ ಸೇರಿಸಿದ. ಪರೀಕ್ಷೆಗೆ ಬರಲು ಆ ಮನುಷ್ಯ ಒಪ್ಪುತ್ತಿಲ್ಲ, ಹೆಂಡತಿಯನ್ನು ಫೋನಿಗೆ ಕರೆಯಲೇ ಎಂದು ಕೇಳಿದ. ಕರೆ ಎಂದೆ.