ಜರ್ಮನಿಯಲ್ಲಿ ಲೈಸೆನ್ಸ್ ಬೇಕೇ? ಮೊದಲು ಬೊಂಬೆಯ ಎದೆ ಒತ್ತಿ

ನಮ್ಮ ಡ್ರೈವಿಂಗ್ ಲೈಸೆನ್ಸ್ ಜರ್ಮನಿಯಲ್ಲಿ ಆರು ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಊರಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದವರೂ ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು. ಅರ್ಜಿಯ ಜೊತೆ ಕಣ್ಣಿನ ಪರೀಕ್ಷೆಯ ಚೀಟಿ ಕೇಳುತ್ತಾರೆ, ಸರಿ. ಇನ್ನೊಂದು ಚೀಟಿಯೂ ಬೇಕು: ಪ್ರಥಮ ಚಿಕಿತ್ಸೆ ಕಲಿತು ಬಂದದ್ದಕ್ಕೆ. 45 ನಿಮಿಷದ ಒಂಬತ್ತು ಪಾಠ, ಬೆಳಗ್ಗೆ ಕೂತರೆ ಸಂಜೆಗೆ ಮುಗಿಯುತ್ತದೆ. ರೆಡ್ ಕ್ರಾಸ್, ಯೋಹಾನಿಟರ್, ಮಾಲ್ಟೇಸರ್ ಮುಂತಾದ ಸಂಸ್ಥೆಗಳು ನಡೆಸುತ್ತವೆ. ಪರೀಕ್ಷೆ ಇಲ್ಲ, ಫೇಲಾಗುವ ಭಯವಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡುವ ಹಾಗೂ ಇಲ್ಲ. ಅಭ್ಯಾಸದ ಬೊಂಬೆಯ ಮುಂದೆ ಪ್ರತಿಯೊಬ್ಬರೂ ಮಂಡಿಯೂರಲೇಬೇಕು.

ನನ್ನ ತರಗತಿಯಲ್ಲಿ ಹೆಚ್ಚಿನವರು ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು. ಕಲಿಸಿದವರು ಆಂಬುಲೆನ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮನುಷ್ಯ, ಮಾತು ಕಡಿಮೆ. ಅವರು ಹೆಚ್ಚು ಹೊತ್ತು ಕೊಟ್ಟದ್ದು ಹೃದಯ ನಿಂತವರ ವಿಷಯಕ್ಕೆ. ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಹತ್ತು ನಿಮಿಷ ಹಿಡಿಯಬಹುದು, ರಕ್ತ ಹೋಗದ ಮಿದುಳು ಮೂರರಿಂದ ಐದು ನಿಮಿಷಕ್ಕೇ ಕೆಡಲು ಶುರುವಾಗುತ್ತದೆ. ನಡುವಿನ ಆ ಹೊತ್ತು ಪಕ್ಕದಲ್ಲಿ ನಿಂತವರ ಕೈಯಲ್ಲಿದೆ ಎಂದರು.

ಮಾಡಬೇಕಾದದ್ದು ಇಷ್ಟು. ಭುಜ ಹಿಡಿದು ಅಲುಗಿಸಿ ಕೂಗಿ. ಉತ್ತರ ಬರದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲ ಮೇಲೆತ್ತಿ ಉಸಿರು ನೋಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಗೊರಕೆಯ ಹಾಗೆ ಬಿಟ್ಟುಬಿಟ್ಟು ಬರುವ ಏದುಸಿರನ್ನು ಉಸಿರೆಂದು ಲೆಕ್ಕ ಹಿಡಿಯಬಾರದು; ಬಹಳ ಜನ ಮೋಸಹೋಗುವುದು ಅಲ್ಲೇ. ಉಸಿರಿಲ್ಲದಿದ್ದರೆ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿ, ಎದೆಯ ಮಧ್ಯದಲ್ಲಿ ಅಂಗೈ ಇಟ್ಟು ಒತ್ತಿ. ದೊಡ್ಡವರಿಗೆ ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಬಾರಿ. ಮೂವತ್ತು ಸಲ ಒತ್ತಿ ಎರಡು ಸಲ ಬಾಯಿಗೆ ಉಸಿರು ಕೊಡುವುದು ಕ್ರಮ. ಅದು ಆಗದು ಅನ್ನುವವರು ಒತ್ತುತ್ತಲೇ ಇದ್ದರೂ ಸಾಕು.

ಐದು ಸೆಂಟಿಮೀಟರ್ ಅಂತ ಓದುವುದು ಸುಲಭ. ಬೊಂಬೆಯ ಮೇಲೆ ಎರಡು ನಿಮಿಷ ಒತ್ತುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂತು. ಮೊಣಕೈ ಮಡಚದೆ ಮೈಭಾರವನ್ನೇ ಬಿಡಬೇಕು. ನಿಜವಾದ ಮನುಷ್ಯನಾದರೆ ಪಕ್ಕೆಲುಬು ಮುರಿದ ಸದ್ದೂ ಕೇಳಬಹುದು, ಆಗಲೂ ನಿಲ್ಲಿಸಬಾರದು. ಇದನ್ನು ವಿಡಿಯೊ ನೋಡಿ ಕಲಿಯುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ.

ಉಸಿರಿದ್ದು ಪ್ರಜ್ಞೆ ಇಲ್ಲದವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿ ಕೆಳಮುಖವಾಗಿ ಇರಿಸಬೇಕು. ವಾಂತಿಯಾದರೆ ಹೊರಗೆ ಹೋಗಲಿ ಅಂತ. ನಮ್ಮಲ್ಲಿ ಬಿದ್ದವರನ್ನು ಎತ್ತಿ ಕೂರಿಸಿ ಬಾಯಿಗೆ ನೀರು ಹೊಯ್ಯುತ್ತಾರಲ್ಲ, ಆ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಮೂರ್ಛೆ (ಫಿಟ್ಸ್) ಬಂದವರ ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಸುಟ್ಟಲ್ಲಿಗೆ ಟೂತ್‌ಪೇಸ್ಟ್ ಮೆತ್ತುವುದು, ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಒರಗಿಸುವುದು, ಇವೆಲ್ಲ ನೆನಪಾಗಿ ನಗುವೂ ಬಂತು, ಗಾಬರಿಯೂ ಆಯಿತು. ಮೂರ್ಛೆಗೆ ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು ಕಾಯಬೇಕು. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು. ಸಣ್ಣ ಸುಟ್ಟಗಾಯಕ್ಕೆ ನಲ್ಲಿ ನೀರು. ಮೂಗಿನ ರಕ್ತಕ್ಕೆ ಮುಂದೆ ಬಾಗಿ ಮೂಗಿನ ಮೆತ್ತನೆಯ ಭಾಗ ಹಿಂಡಿ ಹಿಡಿಯಬೇಕು.

ಇಲ್ಲಿ ನೆರವಾಗುವುದು ಪುಣ್ಯದ ಮಾತಲ್ಲ, ಕಾನೂನಿನ ಮಾತು. ದಂಡಸಂಹಿತೆಯ 323ಸಿ ಪ್ರಕಾರ, ಆಪತ್ತಿನಲ್ಲಿದ್ದವರಿಗೆ ತನ್ನಿಂದಾಗುವ ಸಹಾಯವನ್ನೂ ಮಾಡದೆ ಹೋದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಹಾಗಂತ ಇವರೆಲ್ಲ ದೇವರಂಥವರು ಅಂತಲ್ಲ. 2016ರಲ್ಲಿ ಎಸ್ಸೆನ್ ನಗರದ ಬ್ಯಾಂಕೊಂದರ ಎಟಿಎಂ ಕೋಣೆಯಲ್ಲಿ ಕುಸಿದು ಬಿದ್ದ ವೃದ್ಧರೊಬ್ಬರನ್ನು ದಾಟಿಕೊಂಡು ಜನ ತಮ್ಮ ಪಾಡಿಗೆ ದುಡ್ಡು ತೆಗೆದು ಹೋದರು. ಎಲ್ಲ ಕ್ಯಾಮೆರಾದಲ್ಲಿತ್ತು. ಆ ವೃದ್ಧರು ಮುಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಯಿಲ್ಲದ ಯಾರೋ ಮಲಗಿದ್ದಾರೆ ಅಂದುಕೊಂಡೆವು ಎಂಬ ಸಬೂಬು 2017ರಲ್ಲಿ ಕೋರ್ಟಿನಲ್ಲಿ ನಡೆಯಲಿಲ್ಲ, ಮೂವರಿಗೆ ಸಾವಿರಾರು ಯೂರೊ ದಂಡ ಬಿತ್ತು.

ನಮ್ಮೂರಲ್ಲಿ ಯಾರಾದರೂ ಬಿದ್ದರೆ ಹಾಗೆ ದಾಟಿಹೋಗುವವರಿಗಿಂತ ಸುತ್ತ ಸೇರುವವರೇ ಹೆಚ್ಚು. ಮನಸ್ಸಿಗೆ ಕೊರತೆಯಿಲ್ಲ, ಆದರೆ ಮುಂದೆ ಏನು ಮಾಡಬೇಕೆಂದು ಕೈಗೆ ಗೊತ್ತಿಲ್ಲ. ಟ್ರಾಫಿಕ್ಕನ್ನೇ ನೋಡಿ. ಇಲ್ಲಿ ಹೆದ್ದಾರಿಯಲ್ಲಿ ವಾಹನಗಳು ನಡಿಗೆಯ ವೇಗಕ್ಕೆ ಇಳಿದ ಕೂಡಲೇ, ಸೈರನ್ ಕೇಳುವ ಮೊದಲೇ, ಎಡಗಡೆಯ ಸಾಲಿನವರು ಎಡಕ್ಕೂ ಉಳಿದವರು ಬಲಕ್ಕೂ ಸರಿದು ನಡುವೆ ದಾರಿ ಬಿಡಬೇಕು. ಬಿಡದಿದ್ದರೆ ಕನಿಷ್ಠ 200 ಯೂರೊ ದಂಡ. ಸಿಲ್ಕ್ ಬೋರ್ಡಿನಲ್ಲೂ ಆಂಬುಲೆನ್ಸಿಗೆ ಜಾಗ ಕೊಡಲು ಎಲ್ಲರೂ ಒದ್ದಾಡುತ್ತಾರೆ, ಯಾವ ಕಡೆ ಸರಿಯಬೇಕೆಂದು ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ.

ನೆರವಾದರೆ ಪೊಲೀಸ್ ಸ್ಟೇಷನ್ ಅಲೆಯಬೇಕಾದೀತು ಎಂಬ ನಮ್ಮವರ ಹಳೆಯ ಹೆದರಿಕೆಗೆ ಈಗ ಕಾನೂನಿನ ಆಧಾರವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾದವರ ಪರ ನಿಂತಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಅಪಘಾತದಲ್ಲಿ ನೆರವಾದವರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ. 108 ಇದೆ, 112 ನಮ್ಮಲ್ಲೂ ನಡೆಯುತ್ತದೆ. ಪುನೀತ್ ರಾಜ್‌ಕುಮಾರ್ ಹೋದಾಗ ಎದೆ ಪರೀಕ್ಷೆಗೆ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತಿತ್ತು, ಆಮೇಲೆ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ಇವೆಲ್ಲ ಬೇಕಾದದ್ದೇ. ಆದರೂ ಮನೆಯ ಹಜಾರದಲ್ಲಿ ಬಿದ್ದವರಿಗೆ ಮೊದಲ ಐದು ನಿಮಿಷ ಸಿಗುವುದು ಮನೆಯವರ ಕೈ ಮಾತ್ರ.

ಆರ್‌ಟಿಒ ಅಂಗಳದಲ್ಲಿ ಎಂಟು ಬರೆದ ಹಾಗೆ ಬೈಕ್ ಓಡಿಸಿ ತೋರಿಸುತ್ತೇವಲ್ಲ, ಪಕ್ಕದಲ್ಲೇ ಒಂದು ಬೊಂಬೆ ಮಲಗಿಸಿ ಎರಡು ನಿಮಿಷ ಒತ್ತಿಸಲಿ. ಬರುವ ಬೇಸಿಗೆಗೆ ಊರಿಗೆ ಬಂದಾಗ ನಮ್ಮ ಬೀದಿಯವರಿಗಾದರೂ ಕಲಿಸೋಣ ಎಂದು ರೆಡ್ ಕ್ರಾಸ್‌ನ ಜಿಲ್ಲಾ ಶಾಖೆಯನ್ನು ವಿಚಾರಿಸುವಂತೆ ಅಣ್ಣನಿಗೆ ಹೇಳಿದ್ದೇನೆ. ಜಾಗಕ್ಕೆ ದೇವಸ್ಥಾನದ ಹಿಂದಿನ ಸಮುದಾಯ ಭವನ ಆದೀತು ಅಂದಿದ್ದಾನೆ.