ಸ್ವಯಂ ಕ್ರೆಡಿಟ್ಟಿಗೂ ತರಗತಿಯ ಕ್ರೆಡಿಟ್ಟಿಗೂ ಬೆಲೆ ಒಂದೇ ಏನು?

ಪ್ರತಿ ಜನವರಿ ಮತ್ತು ಜುಲೈನಲ್ಲಿ, ಕೋರ್ಸುಗಳಿಗೆ ನೋಂದಣಿ ಶುರುವಾಗುವ ಹೊತ್ತಿಗೆ, ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಯರು, ನನ್ನನ್ನು ಕೇಳುವ ಪ್ರಶ್ನೆ ಇದು. ಸ್ವಯಂ ಎಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಜಾಲತಾಣ, ಕ್ರೆಡಿಟ್ ಎಂದರೆ ಪದವಿಯ ಲೆಕ್ಕಕ್ಕೆ ಸೇರುವ ಕೋರ್ಸಿನ ತೂಕ. ಅಂಕಪಟ್ಟಿಯ ಮಟ್ಟಿಗೆ ಎರಡಕ್ಕೂ ಬೆಲೆ ಒಂದೇ. ಕಲಿಕೆಯ ಮಟ್ಟಿಗೆ ಮಾತ್ರ, ಯಾವ ವಿಷಯವೆಂದು ಕೇಳದೆ ನಾನು ಉತ್ತರ ಹೇಳುವುದಿಲ್ಲ.

ನಿಯಮದ ಮಾತನ್ನು ಬೇಗ ಮುಗಿಸುತ್ತೇನೆ. ಸ್ವಯಂ ಜಾಲತಾಣ 2017ರಲ್ಲಿ ಉದ್ಘಾಟನೆಯಾಯಿತು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 20ರಷ್ಟನ್ನು ಅದರ ಮೂಲಕ ಮಾಡಲು ಇದ್ದ ಅವಕಾಶವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ಶೇ. 40ಕ್ಕೆ ಏರಿಸಿತು. ಅಲ್ಲಿ ಇಂಜಿನಿಯರಿಂಗ್ ವಿಷಯಗಳನ್ನು ನಡೆಸುವುದು ಎನ್‌ಪಿಟಿಇಎಲ್, ಅಂದರೆ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಕೈಗೊಂಡ ಯೋಜನೆ. ಸಾಮಾನ್ಯವಾಗಿ 12 ವಾರದ ಕೋರ್ಸಿಗೆ 3 ಕ್ರೆಡಿಟ್. ವಾರವಾರದ ಅಸೈನ್‌ಮೆಂಟುಗಳಿಗೆ 25 ಅಂಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75.

ಈ ಎರಡು ಅಂಕಗಳನ್ನು ಸರ್ಟಿಫಿಕೇಟಿನಲ್ಲಿ ಬೇರೆಬೇರೆಯಾಗಿಯೇ ಮುದ್ರಿಸುತ್ತಾರೆ, ಮತ್ತು ನಾನು ಮೊದಲು ನೋಡುವುದು ಅದನ್ನೇ. 25ಕ್ಕೆ 24, 75ಕ್ಕೆ 33 ಎಂದಿದ್ದರೆ ನಡೆದದ್ದೇನೆಂದು ಕೇಳಬೇಕಾಗಿಲ್ಲ: ಗಡುವಿನ ಹಿಂದಿನ ರಾತ್ರಿ ಗೆಳೆಯರ ಮೊಬೈಲ್ ಗುಂಪಿನಲ್ಲಿ ಉತ್ತರಗಳು ಹರಿದಾಡಿವೆ, ವಿಡಿಯೊ ಎರಡರಷ್ಟು ವೇಗದಲ್ಲಿ ಓಡಿದೆ. ಆದರೂ ಆ ವಿದ್ಯಾರ್ಥಿ ಪಾಸು. ಮೂರು ಕ್ರೆಡಿಟ್ಟೂ ಅವನದೇ.

ನನ್ನನ್ನು ಹೆಚ್ಚು ಕಾಡುವುದು ಈ ನಕಲಲ್ಲ. ಕಳೆದ ವರ್ಷ ತರಗತಿಯಲ್ಲಿ, ಎರಡೂ ತುದಿಗಳಲ್ಲಿ ಸುಮ್ಮನೆ ಆನಿಸಿಟ್ಟ ತೊಲೆಯೊಂದರ ನಡುವೆ ಭಾರ ಹೇರಿ, ಅದರ ಬೆಂಡಿಂಗ್ ಮೊಮೆಂಟ್ ಚಿತ್ರ, ಅಂದರೆ ತೊಲೆಯನ್ನು ಬಗ್ಗಿಸುವ ಪರಿಣಾಮ ಎಲ್ಲಿ ಎಷ್ಟೆಂದು ತೋರಿಸುವ ಗೆರೆ, ಬರೆಯಲು ಹೇಳಿದ್ದೆ. ಬೆಂಚುಗಳ ನಡುವೆ ಹಾದುಹೋಗುವಾಗ ಒಬ್ಬ ಹುಡುಗಿಯ ಪುಸ್ತಕದಲ್ಲಿ ನಡುವಿನ ಬೆಲೆ ಸರಿಯಾಗಿಯೇ ಇತ್ತು, ಭಾರವನ್ನು ಉದ್ದದಿಂದ ಗುಣಿಸಿ ನಾಲ್ಕರಿಂದ ಭಾಗಿಸಿದ್ದಳು. ಆದರೆ ತಿರುಗಲು ಅಡ್ಡಿಯಿಲ್ಲದ ತುದಿಯ ಆಧಾರದಲ್ಲಿ ಸೊನ್ನೆಗೆ ಇಳಿಯಬೇಕಿದ್ದ ಗೆರೆ ಮೇಲೆಯೇ ನಿಂತಿತ್ತು. "ಈ ತುದಿ ತಿರುಗದಂತೆ ಯಾರು ಹಿಡಿದಿದ್ದಾರಮ್ಮಾ?" ಎಂದೆ. ಅವಳು ಸ್ಕೇಲನ್ನು ಎರಡು ರಬ್ಬರುಗಳ ಮೇಲಿಟ್ಟು, ನಡುವೆ ಬೆರಳಿನಿಂದ ಒತ್ತಿ, ತುದಿಗಳು ಮೇಲೇಳುವುದನ್ನು ನೋಡಿ, ಏನೂ ಹೇಳದೆ ಗೆರೆ ಅಳಿಸಿದಳು. ಆನ್‌ಲೈನ್ ಅಸೈನ್‌ಮೆಂಟಿನಲ್ಲಿ ಕೇಳುತ್ತಿದ್ದುದು ನಡುವಿನ ಬೆಲೆಯನ್ನು, ನಾಲ್ಕು ಆಯ್ಕೆಗಳೊಂದಿಗೆ. ಪೂರ್ತಿ ಅಂಕ ಬರುತ್ತಿತ್ತು, ತಪ್ಪು ಕಲ್ಪನೆ ತಲೆಯಲ್ಲಿ ಹಾಗೆಯೇ ಉಳಿಯುತ್ತಿತ್ತು.

ಹಾಗೆಂದು ತರಗತಿಯನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಹಾಜರಿಗಾಗಿ ಕೂತವರಿಗೆ ಹಳೆಯ ನೋಟ್ಸು ಬರೆಸುವ ತರಗತಿಗಳನ್ನು ನಾನು ವಿದ್ಯಾರ್ಥಿಯಾಗಿ ಅನುಭವಿಸಿದ್ದೇನೆ, ಮೇಷ್ಟ್ರಾಗಿ ಒಂದೆರಡು ಸಲ ನಡೆಸಿಯೂ ಇದ್ದೇನೆ. ಅಂಥ ತರಗತಿಗಿಂತ ಒಳ್ಳೆಯ ವಿಡಿಯೊ ಎಷ್ಟೋ ಮೇಲು. ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೊಮ್ಮೆಯಾದರೂ ಕೇಳಬಹುದು.

ಆದ್ದರಿಂದ, ಕಾಲೇಜಿನಲ್ಲಿ ಪಾಠ ಹೇಳುವವರೇ ಇಲ್ಲದ ಐಚ್ಛಿಕ ವಿಷಯಗಳನ್ನು ಧಾರಾಳವಾಗಿ ಆನ್‌ಲೈನಿನಲ್ಲಿ ಮಾಡಿ ಎನ್ನುತ್ತೇನೆ. ತಾಲ್ಲೂಕು ಊರಿನ ಕಾಲೇಜಿನಲ್ಲಿ ಭೂಕಂಪ ಇಂಜಿನಿಯರಿಂಗ್ ಕಲಿಯಬೇಕೆಂಬ ಹುಡುಗನಿಗೆ ಆ ವಿಷಯವನ್ನೇ ಜೀವನವಿಡೀ ಅಧ್ಯಯನ ಮಾಡಿದವರ ಪಾಠ ಮನೆಯಲ್ಲೇ ಸಿಗುವುದು ಸಣ್ಣ ಮಾತಲ್ಲ. ಮೊದಲೆರಡು ವರ್ಷದ ಗಣಿತ, ಮೆಕ್ಯಾನಿಕ್ಸ್, ಪ್ರಯೋಗಾಲಯದ ಕೆಲಸ ಇವುಗಳಿಗೆ ಮಾತ್ರ, ನಿಮ್ಮ ಪುಸ್ತಕವನ್ನು ಬಗ್ಗಿ ನೋಡುವವರೊಬ್ಬರು ಹತ್ತಿರದಲ್ಲಿರಬೇಕು.

ಈ ಸಲ ಜುಲೈನಲ್ಲಿ ಒಬ್ಬ ವಿದ್ಯಾರ್ಥಿ ಸ್ವಯಂ ಕೋರ್ಸುಗಳಿಗೆ ಎರಡು ಅರ್ಜಿ ತಂದಿದ್ದ. ಭೂಕಂಪ ಇಂಜಿನಿಯರಿಂಗಿನದಕ್ಕೆ ಕೂಡಲೇ ಸಹಿ ಹಾಕಿದೆ. ತೊಲೆಯ ಆ ಪಾಠ ಬರುವ ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್‌ನದನ್ನು ಹಿಂದಕ್ಕೆ ಕೊಟ್ಟು, ಸೋಮವಾರ ಒಂಬತ್ತಕ್ಕೆ ತರಗತಿಗೆ ಬಾ ಎಂದೆ. ಅವನಿಗೆ ಬೇಸರವಾಯಿತು, ಬಂದದ್ದು ಹತ್ತು ನಿಮಿಷ ತಡವಾಗಿ.